ಹವ್ಯಾಸಿ ಮೌಂಟೇನ್ ಬೈಕ್ ತಂಡಗಳ ಸ್ಪರ್ಧಾ ಋತುವಿನ ಆರಂಭ: ಸಾರ್ವಜನಿಕರ ಗಮನಕ್ಕೆ

ಪೀಠಿಕೆ

ಕರ್ನಾಟಕದಲ್ಲಿ ಸೈಕಲ್ ಕ್ರೀಡೆಗೆ ದೀರ್ಘ ಪರಂಪರೆಯಿದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಸವಾರರು ಹಲವು ದಶಕಗಳಿಂದ ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ರಾಜ್ಯವನ್ನು ಪ್ರತಿನಿಧಿಸುತ್ತಾ ಬಂದಿದ್ದಾರೆ. ಉತ್ತರ ಕರ್ನಾಟಕದ ಅನೇಕ ಗ್ರಾಮಗಳಲ್ಲಿ ಜಾತ್ರೆಯ ಸಂದರ್ಭದಲ್ಲಿ ಸೈಕಲ್ ಓಟದ ಸ್ಪರ್ಧೆ ಏರ್ಪಡಿಸುವುದು ಇಂದಿಗೂ ರೂಢಿಯಲ್ಲಿದೆ. ಡಾಂಬರು ರಸ್ತೆಯ ಸ್ಪರ್ಧೆಗಳೊಂದಿಗೆ ಗುಡ್ಡ, ಕಾಲುದಾರಿ, ತೋಟದ ರಸ್ತೆ ಹಾಗೂ ಕಲ್ಲು ಬೇರುಗಳಿಂದ ಕೂಡಿದ ಇಳಿಜಾರುಗಳಲ್ಲಿ ನಡೆಯುವ ಮೌಂಟೇನ್ ಬೈಕ್ ಸ್ಪರ್ಧೆಗಳೂ ಯುವಜನರನ್ನು ಆಕರ್ಷಿಸುತ್ತಿವೆ. ನೌಕರಿ, ವ್ಯಾಪಾರ, ವ್ಯಾಸಂಗಗಳಲ್ಲಿ ತೊಡಗಿರುವವರು ರಜಾ ದಿನಗಳಲ್ಲಿ ಒಟ್ಟುಗೂಡಿ ಹವ್ಯಾಸಿ ತಂಡಗಳನ್ನು ಕಟ್ಟಿಕೊಳ್ಳುತ್ತಿದ್ದಾರೆ.

ಮಳೆಗಾಲ ಮುಗಿದು ನೆಲ ಗಟ್ಟಿಯಾಗುವ ಹೊತ್ತಿಗೆ ಈ ತಂಡಗಳು ಹೊಸ ಋತುವಿಗೆ ಸಿದ್ಧತೆ ಆರಂಭಿಸುತ್ತವೆ. ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದು ಅಭ್ಯಾಸ ಮಾಡಿದ ಸವಾರನು ವಯಸ್ಸಿನ ದಾಖಲೆ ಇಲ್ಲವೆಂದೋ, ನೋಂದಣಿ ನವೀಕರಣವಾಗಿಲ್ಲವೆಂದೋ ಮೊದಲ ಸ್ಪರ್ಧೆಯ ದಿನವೇ ಗೆರೆಯಿಂದ ಹಿಂದಿರುಗಬೇಕಾದರೆ ಅದು ತುಂಬಲಾರದ ನಷ್ಟ. ಅನುಮತಿಯಿಲ್ಲದೆ ಅರಣ್ಯ ಪ್ರವೇಶಿಸಿ ಮೊಕದ್ದಮೆಗೆ ಗುರಿಯಾಗುವುದು ಅದಕ್ಕಿಂತ ದೊಡ್ಡ ನಷ್ಟ. ನಿರ್ಲಕ್ಷಿಸಿದ ಬ್ರೇಕು ಇಳಿಜಾರಿನಲ್ಲಿ ಕೈಕೊಟ್ಟರೆ ಆಗುವ ಹಾನಿಯನ್ನು ಹೇಳಬೇಕಾಗಿಲ್ಲ. ಇವುಗಳಲ್ಲಿ ಬಹುಪಾಲು ಮುಂಚಿತವಾಗಿ ತಪ್ಪಿಸಬಹುದಾದವು. ಆದ್ದರಿಂದ ತಂಡಗಳು, ಪೋಷಕರು ಹಾಗೂ ಆಸಕ್ತ ಸಾರ್ವಜನಿಕರ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

1. ಕ್ರೀಡೆಯ ಸಂಕ್ಷಿಪ್ತ ಪರಿಚಯ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯಲ್ಲಿ, ಟಮಲ್ಪಾಯಿಸ್ ಪರ್ವತದ ಸುತ್ತಮುತ್ತ, 1970ರ ದಶಕದಲ್ಲಿ ಈ ಕ್ರೀಡೆ ರೂಪುಗೊಂಡಿತು. ಅಲ್ಲಿನ ಯುವಕರು ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ ಆರಂಭವಾದ ಇಳಿಜಾರು ಸ್ಪರ್ಧೆಗೆ 'ರೀಪ್ಯಾಕ್' ಎಂಬ ಹೆಸರು ಬಂದಿತು. ಇಳಿಯುವಾಗ ಹಿಂಬದಿಯ ಬ್ರೇಕು ಕಾದು ಅದರೊಳಗಿನ ಗ್ರೀಸ್ ಆವಿಯಾಗುತ್ತಿದ್ದುದರಿಂದ ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಹೆಸರಿಗೆ ಅದೇ ಕಾರಣ.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮಾನ್ಯತೆಯೊಂದಿಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಕೊಲೊರಾಡೋ ರಾಜ್ಯದ ಡುರಾಂಗೊದಲ್ಲಿ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ಸ್ಪರ್ಧೆ ಪುರುಷರು ಮತ್ತು ಮಹಿಳೆಯರಿಬ್ಬರಿಗೂ ಸೇರ್ಪಡೆಯಾಯಿತು. ಭಾರತದಲ್ಲಿ ಈ ಕ್ರೀಡೆಯು ಭಾರತೀಯ ಸೈಕ್ಲಿಂಗ್ ಫೆಡರೇಷನ್ನಿನ ವ್ಯಾಪ್ತಿಗೆ ಬರುತ್ತದೆ.

2. ಸ್ಪರ್ಧೆಯ ವಿಧಗಳು

ತಂಡವು ಋತುವಿನ ಆರಂಭದಲ್ಲಿಯೇ ತಾನು ಯಾವ ವಿಧದಲ್ಲಿ ಭಾಗವಹಿಸಲಿದೆ ಎಂಬುದನ್ನು ನಿರ್ಧರಿಸಿಕೊಳ್ಳುವುದು ಸೂಕ್ತ. ಸೈಕಲ್, ಅಭ್ಯಾಸ, ಖರ್ಚು ಎಲ್ಲವೂ ಇದನ್ನು ಅವಲಂಬಿಸಿರುತ್ತವೆ.

ಅ) ಕ್ರಾಸ್ ಕಂಟ್ರಿ ಒಲಿಂಪಿಕ್: ಸಾಮಾನ್ಯವಾಗಿ 4 ರಿಂದ 6 ಕಿ.ಮೀ. ಉದ್ದದ ಸುತ್ತನ್ನು ಹಲವು ಬಾರಿ ಕ್ರಮಿಸುವುದು. ಹಿರಿಯರ ಸ್ಪರ್ಧೆ ಸುಮಾರು ಒಂದೂವರೆ ಗಂಟೆ ನಡೆಯುತ್ತದೆ.

ಆ) ಕ್ರಾಸ್ ಕಂಟ್ರಿ ಮ್ಯಾರಥಾನ್: ಅಂತರರಾಷ್ಟ್ರೀಯ ನಿಯಮದಂತೆ 60 ರಿಂದ 160 ಕಿ.ಮೀ. ದೂರದ ಸ್ಪರ್ಧೆ.

ಇ) ಶಾರ್ಟ್ ಟ್ರ್ಯಾಕ್: ಕಿರಿದಾದ ಸುತ್ತಿನಲ್ಲಿ ಸುಮಾರು 20 ನಿಮಿಷಗಳ ತೀವ್ರ ಸ್ಪರ್ಧೆ.

ಈ) ಡೌನ್‌ಹಿಲ್: ಕೇವಲ ಇಳಿಜಾರಿನಲ್ಲಿ, ಒಬ್ಬೊಬ್ಬರಾಗಿ, ಗಡಿಯಾರದ ವಿರುದ್ಧ ನಡೆಯುವ 2 ರಿಂದ 5 ನಿಮಿಷಗಳ ಸ್ಪರ್ಧೆ. ಇದಕ್ಕೆ ಪ್ರತ್ಯೇಕ ಸೈಕಲ್, ಮುಖ ಮುಚ್ಚುವ ಹೆಲ್ಮೆಟ್ ಹಾಗೂ ರಕ್ಷಾ ಕವಚಗಳು ಅಗತ್ಯ.

ಹೊಸ ತಂಡಗಳಿಗೆ ಕ್ರಾಸ್ ಕಂಟ್ರಿ ವಿಭಾಗವೇ ಅನುಕೂಲಕರ. ಒಂದೇ ಸೈಕಲ್‌ನಲ್ಲಿ ಅಭ್ಯಾಸ ಮತ್ತು ಸ್ಪರ್ಧೆ ಎರಡನ್ನೂ ನಿಭಾಯಿಸಬಹುದು.

3. ತಂಡದ ರಚನೆ ಮತ್ತು ನೋಂದಣಿ

ಸ್ನೇಹಿತರು ಕೂಡಿ ಸೈಕಲ್ ಸವಾರಿ ಮಾಡಲು ಯಾವ ನೋಂದಣಿಯೂ ಬೇಕಾಗಿಲ್ಲ. ಆದರೆ ತಂಡದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು, ದೇಣಿಗೆ ಅಥವಾ ಪ್ರಾಯೋಜಕತ್ವ ಸ್ವೀಕರಿಸಲು, ಸರ್ಕಾರಿ ಕಚೇರಿಗಳೊಂದಿಗೆ ವ್ಯವಹರಿಸಲು ಕಾನೂನುಬದ್ಧ ಅಸ್ತಿತ್ವವಿರುವುದು ಒಳಿತು. ಇದಕ್ಕಾಗಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ಕನಿಷ್ಠ 7 ಮಂದಿ ವಯಸ್ಕ ಸದಸ್ಯರು ಸೇರಿ ಸಂಘವನ್ನು ನೋಂದಾಯಿಸಿಕೊಳ್ಳಬಹುದು. ಜ್ಞಾಪನ ಪತ್ರ, ನಿಯಮ ನಿಬಂಧನೆಗಳು, ಪದಾಧಿಕಾರಿಗಳ ಪಟ್ಟಿ, ಗುರುತು ಮತ್ತು ವಿಳಾಸದ ದಾಖಲೆಗಳೊಂದಿಗೆ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಯವರಿಗೆ ಅರ್ಜಿ ಸಲ್ಲಿಸತಕ್ಕದ್ದು. ಶುಲ್ಕವು ಆಯಾ ಕಾಲದ ಆದೇಶದಂತೆ ಇರುತ್ತದೆ.

ನೋಂದಣಿ ಒಮ್ಮೆ ಆದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಪ್ರತಿ ವರ್ಷ ವಾರ್ಷಿಕ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪರಿಶೋಧನೆಯಾದ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಯವರಿಗೆ ಸಲ್ಲಿಸತಕ್ಕದ್ದು. ಸೈಕಲ್ ಸರಪಳಿಗೆ ಎಣ್ಣೆ ಹಾಕುವಷ್ಟೇ ಕ್ರಮಬದ್ಧವಾಗಿ ಇದನ್ನೂ ಪಾಲಿಸಬೇಕಾಗುತ್ತದೆ.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರವನ್ನು ಕೇಳಿ ಪಡೆದು, ಅದರಲ್ಲಿನ ಸಕಾಲ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಅರ್ಜಿಯ ಸ್ಥಿತಿ ತಿಳಿಯಲು ಹಾಗೂ ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಇದು ಅಗತ್ಯ.

4. ಲೆಕ್ಕಪತ್ರ ನಿರ್ವಹಣೆ

ಹವ್ಯಾಸಿ ತಂಡಗಳಲ್ಲಿ ಮನಸ್ತಾಪ ಹುಟ್ಟುವುದು ಬಹುತೇಕ ಹಣದ ವಿಚಾರದಲ್ಲಿ. ಋತುವಿನ ಮಧ್ಯದಲ್ಲಿ 'ಆ ಟೈರು ಯಾರ ದುಡ್ಡಿನದು' ಎಂಬ ಪ್ರಶ್ನೆ ಎದ್ದ ನಂತರ ಉತ್ತರ ಹುಡುಕುವುದು ಕಷ್ಟ. ಆದ್ದರಿಂದ ಮೊದಲ ಸಭೆಯಲ್ಲಿಯೇ ಸರಳವಾದ ಆಯವ್ಯಯ ಪಟ್ಟಿ ತಯಾರಿಸುವುದು ಸೂಕ್ತ.

ಅ) ಪ್ರವೇಶ ಶುಲ್ಕ, ಪ್ರಯಾಣ, ವಸತಿ ಮತ್ತು ಊಟ, ಬಿಡಿಭಾಗಗಳು, ವೈದ್ಯಕೀಯ ಸಾಮಗ್ರಿ, ವಿಮೆ, ತುರ್ತು ನಿಧಿ ಎಂದು ಪ್ರತ್ಯೇಕ ಬಾಬ್ತುಗಳನ್ನು ಮಾಡಿಕೊಳ್ಳತಕ್ಕದ್ದು.

ಆ) ಪಡೆದ ಪ್ರತಿ ಮೊತ್ತಕ್ಕೂ ರಸೀದಿ, ಕೊಟ್ಟ ಪ್ರತಿ ಮೊತ್ತಕ್ಕೂ ವೋಚರ್ ಇರತಕ್ಕದ್ದು. ನಗದು ಪುಸ್ತಕವನ್ನು ಒಬ್ಬರು ಬರೆದು ಮತ್ತೊಬ್ಬರು ತಿಂಗಳಿಗೊಮ್ಮೆ ಪರಿಶೀಲಿಸತಕ್ಕದ್ದು.

ಇ) ತಂಡದ ಹಣದಿಂದ ಕೊಂಡ ಸೈಕಲ್, ಪಂಪು, ಸ್ಟ್ಯಾಂಡುಗಳನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಯಾವ ಸದಸ್ಯರ ವಶದಲ್ಲಿದೆ ಎಂಬುದಕ್ಕೆ ಸಹಿ ಪಡೆಯತಕ್ಕದ್ದು. ಸೈಕಲ್‌ನ ಚೌಕಟ್ಟಿನ ಸಂಖ್ಯೆಯನ್ನೂ ಬರೆದಿಡತಕ್ಕದ್ದು. ಕಳುವಾದಾಗ ಪೊಲೀಸ್ ದೂರಿಗೆ ಮತ್ತು ವಿಮೆಗೆ ಇದೇ ಆಧಾರವಾಗುತ್ತದೆ.

ಈ) ಬಹುಮಾನದ ಹಣ ಬಂದರೆ ಅದು ಸವಾರನಿಗೋ, ತಂಡಕ್ಕೋ, ಯಾವ ಪ್ರಮಾಣದಲ್ಲಿ ಎಂಬುದನ್ನು ಗೆಲ್ಲುವ ಮೊದಲೇ ನಿರ್ಣಯದ ಮೂಲಕ ದಾಖಲಿಸಿಕೊಳ್ಳತಕ್ಕದ್ದು.

ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯ ದರವನ್ನು 22ನೇ ಸೆಪ್ಟೆಂಬರ್ 2025ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಖರೀದಿಯ ಸಮಯದಲ್ಲಿ ಬಿಲ್ಲನ್ನು ಪಡೆದು ಪರಿಶೀಲಿಸುವುದು.

5. ಸವಾರರ ನೋಂದಣಿ ಮತ್ತು ವಯೋವರ್ಗ

ರಾಜ್ಯ ಆಯ್ಕೆ ಸ್ಪರ್ಧೆ ಹಾಗೂ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಭಾಗವಹಿಸಬಯಸುವ ಸವಾರರು ರಾಜ್ಯ ಸೈಕ್ಲಿಂಗ್ ಸಂಸ್ಥೆಯ ಮೂಲಕ ಫೆಡರೇಷನ್ನಿನಲ್ಲಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಅಂತರರಾಷ್ಟ್ರೀಯ ಪರವಾನಗಿಯು ಜನವರಿ 1ರಿಂದ ಡಿಸೆಂಬರ್ 31ರವರೆಗಿನ ವರ್ಷಕ್ಕೆ ಅನ್ವಯಿಸುತ್ತದೆ. ನಮ್ಮಲ್ಲಿ ಋತುವು ಮಳೆಗಾಲದ ನಂತರ ಆರಂಭವಾಗಿ ಮುಂದಿನ ವರ್ಷಕ್ಕೂ ಚಾಚುವುದರಿಂದ, ಅಕ್ಟೋಬರ್‌ನಲ್ಲಿ ಚಾಲ್ತಿಯಲ್ಲಿದ್ದ ಪರವಾನಗಿ ಜನವರಿಯ ಸ್ಪರ್ಧೆಗೆ ಸಲ್ಲುವುದಿಲ್ಲ. ಈ ಅಂಶವನ್ನು ಮರೆತು ತೊಂದರೆಗೆ ಸಿಲುಕುವ ಸಾಧ್ಯತೆ ಹೆಚ್ಚು.

ವಯೋವರ್ಗದ ಲೆಕ್ಕವೂ ಸಾಮಾನ್ಯ ರೂಢಿಗಿಂತ ಭಿನ್ನ. ಅಂತರರಾಷ್ಟ್ರೀಯ ನಿಯಮದಂತೆ ಸ್ಪರ್ಧೆಯ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದರೆ ಬರುವುದೇ ಸ್ಪರ್ಧಾ ವಯಸ್ಸು. ಹುಟ್ಟಿದ ದಿನ ಮತ್ತು ತಿಂಗಳು ಗಣನೆಗೆ ಬರುವುದಿಲ್ಲ. 17 ಮತ್ತು 18 ವರ್ಷದವರು ಜೂನಿಯರ್, 19 ರಿಂದ 22 ವರ್ಷದವರು 23ರೊಳಗಿನ ವರ್ಗ, 23 ಮತ್ತು ಮೇಲ್ಪಟ್ಟವರು ಎಲೀಟ್ ವರ್ಗಕ್ಕೆ ಸೇರುತ್ತಾರೆ.

ಉದಾಹರಣೆ: 28ನೇ ಡಿಸೆಂಬರ್ 2008ರಂದು ಜನಿಸಿದ ಬಾಲಕನು 2026ರಲ್ಲಿ ವರ್ಷವಿಡೀ ಜೂನಿಯರ್ ವರ್ಗದಲ್ಲಿರುತ್ತಾನೆ. ಜನವರಿ 1, 2027ರಂದು ಆತನಿಗೆ 18 ವರ್ಷ ತುಂಬಿ ಕೇವಲ ನಾಲ್ಕು ದಿನವಾಗಿದ್ದರೂ ಆತನು 23ರೊಳಗಿನ ವರ್ಗಕ್ಕೆ ಸೇರುತ್ತಾನೆ. ಅಂದರೆ ಅದೇ ಋತುವಿನ ಡಿಸೆಂಬರ್ ಸ್ಪರ್ಧೆಯಲ್ಲಿ ಜೂನಿಯರ್ ಆಗಿದ್ದವನು ಜನವರಿ ಸ್ಪರ್ಧೆಯಲ್ಲಿ 22 ವರ್ಷದವರೊಂದಿಗೆ ಸ್ಪರ್ಧಿಸಬೇಕಾಗುತ್ತದೆ. ಪೋಷಕರು ಇದನ್ನು ಮೊದಲೇ ಅರಿತು ಮಗುವಿಗೂ ತಿಳಿಸಿದರೆ ನಿರಾಶೆ ತಪ್ಪುತ್ತದೆ. ಇನ್ನೂ ಕಿರಿಯರ ವರ್ಗಗಳಿಗೆ ಆಯಾ ವರ್ಷದ ಸ್ಪರ್ಧಾ ಪ್ರಕಟಣೆಯನ್ನು ನೋಡತಕ್ಕದ್ದು.

ಸಿದ್ಧವಾಗಿರಿಸಿಕೊಳ್ಳಬೇಕಾದ ದಾಖಲೆಗಳು:

1) ಜನನ ಪ್ರಮಾಣ ಪತ್ರ.
2) ಭಾವಚಿತ್ರವಿರುವ ಗುರುತಿನ ಚೀಟಿ.
3) ಇತ್ತೀಚಿನ ಭಾವಚಿತ್ರಗಳು.
4) ವೈದ್ಯರಿಂದ ಪಡೆದ ದೈಹಿಕ ಅರ್ಹತಾ ಪತ್ರ.
5) 18 ವರ್ಷ ತುಂಬದವರಿಗೆ ತಂದೆ, ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆ.
6) ರಕ್ತದ ಗುಂಪು ಮತ್ತು ತುರ್ತು ಸಂಪರ್ಕದ ವಿವರ.

ಜನನ ಪ್ರಮಾಣ ಪತ್ರ ಹಾಗೂ ಶಾಲಾ ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಅಥವಾ ದಿನಾಂಕ ಬೇರೆಬೇರೆಯಾಗಿದ್ದಲ್ಲಿ ತಿದ್ದುಪಡಿಗೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಸ್ಪರ್ಧೆಯ ಹಿಂದಿನ ವಾರ ಇದನ್ನು ಸರಿಪಡಿಸಲಾಗದು. ವಯಸ್ಸನ್ನು ಮರೆಮಾಚಿ ಕೆಳವರ್ಗದಲ್ಲಿ ಸ್ಪರ್ಧಿಸುವುದು ಅನರ್ಹತೆಗೆ ಕಾರಣವಾಗುವುದಲ್ಲದೆ, ಅರ್ಹ ಬಾಲಕ ಬಾಲಕಿಯರೊಬ್ಬರ ಸ್ಥಾನವನ್ನು ಕಸಿದಂತಾಗುತ್ತದೆ.

6. ಅಭ್ಯಾಸದ ಸ್ಥಳ ಮತ್ತು ಅರಣ್ಯ ನಿಯಮಗಳು

ಮೌಂಟೇನ್ ಬೈಕ್ ಅಭ್ಯಾಸಕ್ಕೆ ಗುಡ್ಡ ಬೇಕು. ಗುಡ್ಡಗಳು ಬಹುತೇಕ ಅರಣ್ಯ ಇಲಾಖೆಯ ಅಧೀನದಲ್ಲಿವೆ. ಕರ್ನಾಟಕ ಅರಣ್ಯ ಅಧಿನಿಯಮ, 1963ರ ಕಲಂ 24ರಂತೆ ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶ ನಿಷಿದ್ಧ. ವನ್ಯಜೀವಿಧಾಮ ಹಾಗೂ ರಾಷ್ಟ್ರೀಯ ಉದ್ಯಾನಗಳಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಕಲಂ 27 ಮತ್ತು 28ರಂತೆ ಅನುಮತಿ ಪತ್ರವಿಲ್ಲದೆ ಪ್ರವೇಶವಿಲ್ಲ. ದಾರಿ ಇದೆ, ಹಿಂದಿನಿಂದಲೂ ಜನ ಓಡಾಡುತ್ತಿದ್ದಾರೆ ಎಂಬುದು ಅನುಮತಿಗೆ ಸಮನಾಗದು. ಬೆಂಗಳೂರಿನ ತುರಹಳ್ಳಿಯಂತಹ ನಗರದ ಅಂಚಿನ ಅರಣ್ಯಗಳನ್ನು ಸೈಕಲ್ ಸವಾರರು ವರ್ಷಗಟ್ಟಲೆ ಅಭ್ಯಾಸಕ್ಕೆ ಬಳಸಿದ್ದುಂಟು. ಅಂತಹ ಕಡೆಗಳಲ್ಲಿಯೂ ಪ್ರಚಲಿತ ನಿಯಮವನ್ನು ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು.

ನಿಯಮದ ಉದ್ದೇಶ ಸವಾರರಿಗೆ ತೊಂದರೆ ಕೊಡುವುದಲ್ಲ. ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ ಆನೆ, ಕರಡಿ ಅಥವಾ ಚಿರತೆಗೆ ಹತ್ತಿರವಾಗುವವರೆಗೂ ಗೊತ್ತಾಗುವುದಿಲ್ಲ. ಬೆದರಿದ ಪ್ರಾಣಿಯ ಮುಂದೆ ಸವಾರನಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಇದಲ್ಲದೆ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಅಪಾಯವಿದ್ದು, ಮಳೆಗಾಲದಲ್ಲಿ ಒದ್ದೆ ಮಣ್ಣಿನ ಮೇಲೆ ಚಕ್ರ ಉರುಳಿದರೆ ಜಾಡು ಕೊರಕಲಾಗಿ ಮಣ್ಣು ಕೊಚ್ಚಿಹೋಗುತ್ತದೆ.

ಪರ್ಯಾಯವಾಗಿ ಖಾಸಗಿ ತೋಟ ಅಥವಾ ಎಸ್ಟೇಟುಗಳ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದು ಅಭ್ಯಾಸದ ಸುತ್ತನ್ನು ರೂಪಿಸಿಕೊಳ್ಳಬಹುದು. ಗ್ರಾಮದ ರಸ್ತೆ, ಕೆರೆ ಏರಿಗಳನ್ನು ಬಳಸುವಾಗ ದನಕರುಗಳಿಗೆ ಮತ್ತು ಪಾದಚಾರಿಗಳಿಗೆ ಮೊದಲ ಆದ್ಯತೆ ನೀಡತಕ್ಕದ್ದು. ಒಕ್ಕಣೆಯ ಕಾಲದಲ್ಲಿ ರಸ್ತೆಯ ಮೇಲೆ ಹರಡಿದ ಬೆಳೆಯ ಮೇಲೆ ಸೈಕಲ್ ಓಡಿಸಬಾರದು. ಗೇಟು ತೆರೆದಿದ್ದರೆ ತೆರೆದಂತೆ, ಮುಚ್ಚಿದ್ದರೆ ಮುಚ್ಚಿದಂತೆ ಬಿಟ್ಟುಬರತಕ್ಕದ್ದು. ತಂಡವೇ ಆರಂಭಿಕ ಸ್ಪರ್ಧೆಯನ್ನು ಏರ್ಪಡಿಸುವುದಾದಲ್ಲಿ ಸ್ಥಳೀಯ ಪೊಲೀಸ್ ಠಾಣೆ ಹಾಗೂ ಗ್ರಾಮ ಪಂಚಾಯಿತಿಗೆ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು.

ಮಲೆನಾಡಿನಲ್ಲಿ ಅಭ್ಯಾಸ ಮಾಡುವವರು ವಿಶೇಷವಾಗಿ ಗಮನಿಸತಕ್ಕ ವಿಷಯ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮೊದಲು ಗುರುತಿಸಲಾದ ಈ ರೋಗವು ಉಣುಗುಗಳ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಸ್ಪರ್ಧಾ ಋತುವಿನಲ್ಲಿಯೇ, ಇದರ ಹಾವಳಿ ಹೆಚ್ಚು. ಮಂಗಗಳು ಸತ್ತ ವರದಿಯಿರುವ ಕಾಡಿಗೆ ಹೋಗಬಾರದು. ಮೈ ಮುಚ್ಚುವ ಉಡುಪು ಧರಿಸಿ, ಆರೋಗ್ಯ ಇಲಾಖೆ ಸೂಚಿಸಿದ ಉಣುಗು ನಿವಾರಕ ತೈಲ ಲೇಪಿಸಿಕೊಂಡು, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡತಕ್ಕದ್ದು. ಅನಂತರದ ದಿನಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಂಡುಬಂದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಿ, ಕಾಡಿಗೆ ಹೋಗಿದ್ದ ವಿಷಯವನ್ನು ತಪ್ಪದೆ ತಿಳಿಸತಕ್ಕದ್ದು.

7. ಸೈಕಲ್‌ನ ಸಿದ್ಧತೆ

ಮಳೆಗಾಲದಲ್ಲಿ ಮೂಲೆಯಲ್ಲಿ ನಿಂತ ಸೈಕಲ್‌ನ್ನು ಹಾಗೆಯೇ ಸ್ಪರ್ಧೆಗೆ ಇಳಿಸಬಾರದು. ಕನಿಷ್ಠ ಮೂರು ವಾರ ಮೊದಲೇ ಈ ಕೆಳಕಂಡವುಗಳನ್ನು ಪರಿಶೀಲಿಸುವುದು.

ಅ) ಬ್ರೇಕ್: ಪ್ಯಾಡುಗಳು ಸವೆದಿದ್ದರೆ ಬದಲಿಸುವುದು. ಹೈಡ್ರಾಲಿಕ್ ಡಿಸ್ಕ್ ಬ್ರೇಕುಗಳಲ್ಲಿ ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ ದ್ರವ ಬಳಕೆಯಾಗುತ್ತದೆ. ಒಂದರ ಬದಲು ಇನ್ನೊಂದನ್ನು ತುಂಬಿದರೆ ಒಳಗಿನ ಸೀಲುಗಳು ಹಾಳಾಗಿ ಬ್ರೇಕು ವಿಫಲವಾಗುತ್ತದೆ. ಮೆಕ್ಯಾನಿಕ್‌ಗೆ ಇದನ್ನು ಸ್ಪಷ್ಟವಾಗಿ ತಿಳಿಸುವುದು.

ಆ) ಸರಪಳಿ: ಸವೆದ ಸರಪಳಿಯು ದುಬಾರಿ ಹಲ್ಲುಚಕ್ರಗಳನ್ನೂ ಸವೆಸುತ್ತದೆ. ಅಳತೆ ಪಟ್ಟಿಯಿಂದ ಪರೀಕ್ಷಿಸಿ ಸಕಾಲದಲ್ಲಿ ಬದಲಿಸಿದರೆ ಒಟ್ಟಾರೆ ಖರ್ಚು ಕಡಿಮೆ.

ಇ) ಟೈರು: ಟ್ಯೂಬ್‌ಲೆಸ್ ಟೈರುಗಳೊಳಗಿನ ಸೀಲೆಂಟ್ ದ್ರವವು ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಜಾಲಿ ಮುಳ್ಳಿನ ಪ್ರದೇಶದಲ್ಲಿ ಒಣಗಿದ ಸೀಲೆಂಟ್ ಇದ್ದೂ ಇಲ್ಲದಂತೆ. ಋತುವಿನ ಆರಂಭದಲ್ಲಿ ಹೊಸದಾಗಿ ತುಂಬುವುದು.

ಈ) ಸಸ್ಪೆನ್ಷನ್: ಸವಾರನು ಕುಳಿತಾಗ ಒಟ್ಟು ಚಲನೆಯ ಶೇ. 20 ರಿಂದ 30ರಷ್ಟು ಕುಸಿಯುವಂತೆ ಗಾಳಿಯ ಒತ್ತಡವನ್ನು ಹೊಂದಿಸುವುದು ರೂಢಿ.

ಉ) ಹ್ಯಾಂಡಲ್‌ನ ತುದಿಗಳಲ್ಲಿ ಬಿರಡೆಗಳು ಇರತಕ್ಕದ್ದು. ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ನಾಟುವ ಅಪಾಯವಿದೆ.

ಊ) ಹೆಲ್ಮೆಟ್: ಸ್ಪರ್ಧೆಯಲ್ಲಿಯೂ ಅಧಿಕೃತ ಅಭ್ಯಾಸದಲ್ಲಿಯೂ ಕಡ್ಡಾಯ. ಒಮ್ಮೆ ಬಲವಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಹೊರನೋಟಕ್ಕೆ ಸರಿಯಾಗಿ ಕಂಡರೂ ಮತ್ತೆ ಬಳಸಬಾರದು.

8. ಆಹಾರ, ನೀರು ಮತ್ತು ಔಷಧಗಳು

ಒಂದು ಗಂಟೆಗೂ ಮೀರಿದ ಸ್ಪರ್ಧೆಯಲ್ಲಿ ಗಂಟೆಗೆ 30 ರಿಂದ 60 ಗ್ರಾಂ ಶರ್ಕರಪಿಷ್ಟ ಹಾಗೂ ಬಿಸಿಲಿಗೆ ತಕ್ಕಂತೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಸಾಮಾನ್ಯವಾಗಿ ಬೇಕಾಗುತ್ತದೆ. ದುಬಾರಿ ಪೊಟ್ಟಣಗಳೇ ಬೇಕೆಂದಿಲ್ಲ. ಬಾಳೆಹಣ್ಣು, ಖರ್ಜೂರ, ಬೆಲ್ಲದ ಪಾನಕಕ್ಕೆ ಚಿಟಿಕೆ ಉಪ್ಪು ಇವು ಹವ್ಯಾಸಿಗಳಿಗೆ ಸಾಕಾಗುತ್ತವೆ. ಆದರೆ ಅಭ್ಯಾಸದಲ್ಲಿ ಸೇವಿಸದ ಆಹಾರವನ್ನು ಸ್ಪರ್ಧೆಯ ದಿನ ಮೊದಲ ಬಾರಿಗೆ ಪ್ರಯೋಗಿಸಬಾರದು.

ಔಷಧಗಳ ವಿಷಯದಲ್ಲಿ ಹವ್ಯಾಸಿಗಳಿಗೆ ವಿನಾಯಿತಿ ಇದೆ ಎಂಬುದು ತಪ್ಪು ಕಲ್ಪನೆ. ಫೆಡರೇಷನ್ನಿನ ಅಧೀನದ ಸ್ಪರ್ಧೆಗಳಲ್ಲಿ ಉದ್ದೀಪನ ಮದ್ದು ತಡೆ ನಿಯಮಗಳು ಅನ್ವಯಿಸುತ್ತವೆ. ನೋವು ನಿವಾರಕವಾಗಿ ಬಳಸುವ ಟ್ರಮಡಾಲ್ ಅನ್ನು ಜನವರಿ 1, 2024ರಿಂದ ಸ್ಪರ್ಧಾ ಕಾಲದಲ್ಲಿ ನಿಷೇಧಿಸಲಾಗಿದೆ. ಉಬ್ಬಸವಿರುವವರು ಬಳಸುವ ಸಾಲ್ಬ್ಯುಟಮಾಲ್ ಇನ್‌ಹೇಲರ್‌ಗೆ ನಿಗದಿತ ಮಿತಿಯೊಳಗೆ ಅವಕಾಶವಿದೆ. ಚಿಕಿತ್ಸೆಗಾಗಿ ನಿಷೇಧಿತ ಔಷಧವನ್ನು ಸೇವಿಸಲೇಬೇಕಾದಲ್ಲಿ ವೈದ್ಯಕೀಯ ದಾಖಲೆಗಳೊಂದಿಗೆ ವಿನಾಯಿತಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಔಷಧಿ ಅಂಗಡಿಯಲ್ಲಿ ಸ್ವತಃ ಕೇಳಿ ಪಡೆದ ಮಾತ್ರೆಯಾದರೂ ಹೊಣೆ ಸವಾರನದೇ. ನಿಷೇಧಿತ ವಸ್ತುಗಳ ಪಟ್ಟಿ ಪ್ರತಿ ವರ್ಷ ಜನವರಿ 1ರಿಂದ ಪರಿಷ್ಕೃತವಾಗುತ್ತದೆ ಎಂಬುದನ್ನು ಗಮನಿಸುವುದು.

9. ಸ್ಪರ್ಧೆಯ ದಿನ

ಸ್ಪರ್ಧೆಗೆ ಮುನ್ನ ಸುತ್ತನ್ನು ಒಮ್ಮೆಯಾದರೂ ನಿಧಾನವಾಗಿ ಕ್ರಮಿಸಿ, ಕಠಿಣ ಇಳಿಜಾರುಗಳನ್ನು ಕಾಲ್ನಡಿಗೆಯಲ್ಲಿ ನೋಡಿಬರತಕ್ಕದ್ದು. ಆತ್ಮವಿಶ್ವಾಸವಿಲ್ಲದ ಕಡೆ ಸೈಕಲ್ ಇಳಿದು ಓಡಲು ನಿಯಮದಲ್ಲಿ ಅವಕಾಶವಿದೆ. ಅದರಲ್ಲಿ ಅವಮಾನವೇನೂ ಇಲ್ಲ.

ಹೊಸಬರನ್ನು ಕಂಗೆಡಿಸುವ ನಿಯಮವೊಂದಿದೆ. ಇದು ಶೇ. 80ರ ನಿಯಮವೆಂದು ಪ್ರಸಿದ್ಧ. ಮುಂಚೂಣಿಯ ಸವಾರನು ಮೊದಲ ಸುತ್ತನ್ನು 15 ನಿಮಿಷದಲ್ಲಿ ಮುಗಿಸಿದನೆಂದಿರಲಿ. ಅದರ ಶೇ. 80 ಎಂದರೆ 12 ನಿಮಿಷ. ಮುಂದೆ ಯಾವುದೇ ಸವಾರನು ಮುಂಚೂಣಿಯವನಿಗಿಂತ ಅಷ್ಟು ಹಿಂದೆ ಬಿದ್ದರೆ, ನಿಗದಿತ ಸ್ಥಳದಲ್ಲಿ ಆತನನ್ನು ಸ್ಪರ್ಧೆಯಿಂದ ಹೊರಕ್ಕೆ ಕಳುಹಿಸಲಾಗುತ್ತದೆ. ಕಿರಿದಾದ ಜಾಡಿನಲ್ಲಿ ಮುಂಚೂಣಿಯವರಿಗೆ ಅಡ್ಡಿಯಾಗದಿರಲಿ ಎಂಬುದೇ ಇದರ ಉದ್ದೇಶ. ಇದು ಅನರ್ಹತೆಯಲ್ಲ. ಕ್ರಮಿಸಿದ ಸುತ್ತುಗಳ ಆಧಾರದ ಮೇಲೆ ಸವಾರನ ಹೆಸರು ಫಲಿತಾಂಶದಲ್ಲಿ ಇರುತ್ತದೆ. ಮೊದಲ ಋತುವಿನಲ್ಲಿ ಬಹುಪಾಲು ಹವ್ಯಾಸಿಗಳ ಅನುಭವ ಇದೇ ಆಗಿರುತ್ತದೆ. ಮುಂದಿನ ಸ್ಪರ್ಧೆಯಲ್ಲಿ ಒಂದು ಸುತ್ತು ಹೆಚ್ಚು ಕ್ರಮಿಸಿದರೆ ಅದೇ ಪ್ರಗತಿಯ ಅಳತೆ.

ಫಲಿತಾಂಶದ ಬಗ್ಗೆ ಆಕ್ಷೇಪಣೆಯಿದ್ದಲ್ಲಿ ನಿಗದಿತ ಸಮಯದೊಳಗೆ ತೀರ್ಪುಗಾರರಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಸ್ವಯಂಸೇವಕರೊಂದಿಗೆ ವಾಗ್ವಾದ ಮಾಡುವುದರಿಂದ ಪ್ರಯೋಜನವಿಲ್ಲ.

10. ಅಪಘಾತವಾದಲ್ಲಿ

ಬಿದ್ದ ಸವಾರನ ಹಿಂದೆ ಬರುವವರಿಗೆ ಕೂಗಿ ಎಚ್ಚರಿಸುವುದು. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ಆತನನ್ನು ಎಬ್ಬಿಸಬಾರದು, ಹೆಲ್ಮೆಟ್ ಎಳೆಯಬಾರದು. 108 ಸಂಖ್ಯೆಗೆ ಕರೆ ಮಾಡುವುದು. ಅನೇಕ ಗುಡ್ಡಗಳಲ್ಲಿ ಮೊಬೈಲ್ ಸಂಪರ್ಕವಿರುವುದಿಲ್ಲ. ಆದ್ದರಿಂದ ಅಭ್ಯಾಸಕ್ಕೆ ಒಬ್ಬರೇ ಹೋಗದೆ ಕನಿಷ್ಠ ಮೂವರು ಹೋಗುವುದು ಕ್ಷೇಮ. ಒಬ್ಬರು ಗಾಯಾಳುವಿನೊಂದಿಗೆ ಉಳಿದು, ಮತ್ತೊಬ್ಬರು ಸಂಪರ್ಕ ಸಿಗುವ ಸ್ಥಳಕ್ಕೆ ತೆರಳಬಹುದು. ಹೊರಡುವ ಮುನ್ನ ದಾರಿ ಮತ್ತು ಮರಳುವ ವೇಳೆಯನ್ನು ಮನೆಯವರಿಗೆ ತಿಳಿಸಿರತಕ್ಕದ್ದು.

ತಲೆಗೆ ಪೆಟ್ಟು ಬಿದ್ದು ಗೊಂದಲ, ವಾಂತಿ, ಮರೆವು, ತಲೆಸುತ್ತು ಕಂಡುಬಂದರೆ ಆ ದಿನ ಮತ್ತೆ ಸೈಕಲ್ ಏರಬಾರದು. ಸವಾರನು 'ಏನೂ ಆಗಿಲ್ಲ' ಎಂದರೂ ತಂಡದ ವ್ಯವಸ್ಥಾಪಕರು ಒಪ್ಪತಕ್ಕದ್ದಲ್ಲ. ವೈದ್ಯರ ಅಭಿಪ್ರಾಯ ಪಡೆದ ನಂತರವೇ ಮರಳಿ ಅಭ್ಯಾಸಕ್ಕೆ ಬರತಕ್ಕದ್ದು. ಒಂದು ಸ್ಪರ್ಧೆ ತಪ್ಪಿದರೆ ಮತ್ತೊಂದಿದೆ.

11. ಸಾಮಾನ್ಯ ಪ್ರಶ್ನೆಗಳು

ಪ್ರ: ಸಂಘದ ನೋಂದಣಿಯಿಲ್ಲದೆ ಸ್ಪರ್ಧಿಸಬಹುದೇ?
ಉ: ಮುಕ್ತ ಸ್ಪರ್ಧೆಗಳಲ್ಲಿ ಸವಾರರು ವೈಯಕ್ತಿಕವಾಗಿ ಪ್ರವೇಶ ಪಡೆಯಬಹುದು. ರಾಜ್ಯ ಆಯ್ಕೆಗೆ ಸವಾರನ ವೈಯಕ್ತಿಕ ನೋಂದಣಿ ಅಗತ್ಯ.

ಪ್ರ: ಸಾಮಾನ್ಯ ಗೇರ್ ಸೈಕಲ್‌ನಲ್ಲಿ ಭಾಗವಹಿಸಬಹುದೇ?
ಉ: ಆರಂಭಿಕ ಮಟ್ಟದ ಸ್ಪರ್ಧೆಗಳಲ್ಲಿ ಸುಸ್ಥಿತಿಯ ಬ್ರೇಕು ಮತ್ತು ದಪ್ಪ ಟೈರು ಇರುವ ಸೈಕಲ್ ಸಾಕಾಗಬಹುದು. ಸ್ಪರ್ಧಾ ಪ್ರಕಟಣೆಯನ್ನು ಓದಿ ಖಚಿತಪಡಿಸಿಕೊಳ್ಳುವುದು.

ಪ್ರ: ವಿಮೆ ಕಡ್ಡಾಯವೇ?
ಉ: ಆಯೋಜಕರ ನಿಯಮವನ್ನು ಅವಲಂಬಿಸಿದೆ. ಕಡ್ಡಾಯವಿಲ್ಲದಿದ್ದರೂ ವೈಯಕ್ತಿಕ ಅಪಘಾತ ವಿಮೆ ಹೊಂದಿರುವುದು ಹಿತ. ಸಾಹಸ ಕ್ರೀಡೆ ಹಾಗೂ ಸ್ಪರ್ಧೆಗಳನ್ನು ಹೊರತುಪಡಿಸುವ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುವುದರಿಂದ ಷರತ್ತುಗಳನ್ನು ಪೂರ್ಣವಾಗಿ ಓದತಕ್ಕದ್ದು.

ಮುಕ್ತಾಯ

ಹವ್ಯಾಸಿ ಸವಾರನಿಗೆ ಸೋಮವಾರ ಬೆಳಿಗ್ಗೆ ಕಚೇರಿಗೋ, ಅಂಗಡಿಗೋ, ಕಾಲೇಜಿಗೋ ಮರಳಲೇಬೇಕಾದ ಕರ್ತವ್ಯವಿದೆ. ಆತನು ಸುರಕ್ಷಿತವಾಗಿ ಮರಳುವುದೇ ಋತುವಿನ ಮೊದಲ ಗೆಲುವು. ದಾಖಲೆ, ಅನುಮತಿ, ಸೈಕಲ್, ಶರೀರ ಈ ನಾಲ್ಕನ್ನೂ ಋತು ಆರಂಭಕ್ಕೆ ಮುನ್ನ ಪರಿಶೀಲಿಸಿಕೊಂಡ ತಂಡವು ಸ್ಪರ್ಧೆಯ ದಿನ ತನ್ನ ಪೂರ್ಣ ಗಮನವನ್ನು ಜಾಡಿನ ಮೇಲೆ ಇಡಬಹುದು. ಹೆಚ್ಚಿನ ಮಾಹಿತಿಗೆ ಸಾರ್ವಜನಿಕರು ತಮ್ಮ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.